ಬಟನ್ ದೊಡ್ಡದಾದಷ್ಟೂ ಹಿಡಿತ ಹೆಚ್ಚೇ?

ಮಣ್ಣಿನ ದಾರಿಯ ಆಸೆಯಿಂದ ಬೈಕ್ ಕೊಂಡವರನ್ನು ಕೇಳಿ ನೋಡಿ. ಗಾಡಿ ಮನೆಗೆ ಬಂದಮೇಲೆ ಮಾಡಿದ ಮೊದಲ ದೊಡ್ಡ ಖರ್ಚು ಯಾವುದು ಎಂದರೆ ಬಹಳಷ್ಟು ಮಂದಿ ಹೇಳುವುದು ಒಂದೇ: ಕಂಪನಿ ಕೊಟ್ಟ ಟೈರು ತೆಗೆಸಿ, ಮೈತುಂಬ ರಬ್ಬರಿನ ಗುಬುಟುಗಳಿರುವ ಬಟನ್ ಟೈರು ಹಾಕಿಸಿದೆವು. ಎಕ್ಸ್‌ಪಲ್ಸ್ ಇರಲಿ, ಹಿಮಾಲಯನ್ ಇರಲಿ, ಮಾತು ಬದಲಾಗುವುದಿಲ್ಲ. ಬಟನ್ ಎಷ್ಟು ದಪ್ಪವೋ, ಅವುಗಳ ನಡುವಿನ ಸಂದು ಎಷ್ಟು ಅಗಲವೋ ಅಷ್ಟು ಹಿಡಿತ ಎಂಬ ನಂಬಿಕೆ ಈಗ ಪ್ರಶ್ನೆಯೇ ಇಲ್ಲದ ಸತ್ಯದಂತೆ ಓಡಾಡುತ್ತಿದೆ. ಹಾಗೆ ನಂಬಿದವರಲ್ಲಿ ಒಳ್ಳೆಯ ಸವಾರರಿದ್ದಾರೆ, ನನ್ನ ಸ್ನೇಹಿತರೂ ಇದ್ದಾರೆ. ಅವರ ಅನುಭವದ ಮೇಲೆ ಗೌರವ ಇಟ್ಟುಕೊಂಡೇ ಬೇರೆ ಮಾತು ಹೇಳಬೇಕೆನಿಸುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಬಟನ್ ಟೈರಿನ ಅಗತ್ಯವಿಲ್ಲ. ಇರುವ ಟೈರಿನೊಳಗಿನ ಗಾಳಿಯ ಲೆಕ್ಕ ತಿಳಿದಿರಬೇಕು, ಆ ಟೈರನ್ನು ಸ್ವಂತ ಕೈಯಿಂದ ಬಿಚ್ಚಿ ಹಾಕಲು ಬರಬೇಕು. ಇವೆರಡು ಬಂದಮೇಲೆ ಹೊಸ ಟೈರಿನ ಮಾತು.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆಳವಾದ ಕೆಸರಿನಲ್ಲಿ, ಸಡಿಲ ಮರಳಿನಲ್ಲಿ ರಬ್ಬರು ನೆಲಕ್ಕೆ ಅಂಟಿ ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಬಟನ್ ಮಣ್ಣಿನೊಳಕ್ಕೆ ಇಳಿದು, ಮಣ್ಣನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದೆ ನೂಕುತ್ತದೆ. ಸಂದು ಅಗಲವಿದ್ದರೆ ಚಕ್ರ ತಿರುಗುವ ರಭಸಕ್ಕೆ ಕೆಸರು ಸಿಡಿದುಹೋಗಿ ಬಟನ್ ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತದೆ. ಮೋಟೊಕ್ರಾಸ್ ಅಂಕಣದಲ್ಲಿ ಇದಕ್ಕೆ ಬದಲಿಲ್ಲ. 2015ರಲ್ಲಿ ಡಾಕರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ಮೊದಲಾದವರ ಚಿತ್ರಗಳಲ್ಲಿ ಆ ದಪ್ಪ ಬಟನ್‌ಗಳೇ ಎದ್ದು ಕಾಣುತ್ತವೆ. ಅವರನ್ನು ನೋಡಿ ಬೆಳೆದ ಹುಡುಗ ಹುಡುಗಿಯರು ಅದನ್ನೇ ಬಯಸುವುದು ಸಹಜ.

ಆದರೆ ಆ ಟೈರಿನ ಹಿಂದಿರುವ ಏರ್ಪಾಡನ್ನೂ ನೋಡಬೇಕು. ದೊಡ್ಡ ರ‍್ಯಾಲಿಗಳಲ್ಲಿ ಟೈರಿನೊಳಗೆ ಟ್ಯೂಬಿನ ಬದಲು ಮೂಸ್ ಎಂಬ ನೊರೆರಬ್ಬರಿನ ಬಳೆ ಇರುತ್ತದೆ. ಒಳಗೆ ಗಾಳಿಯೇ ಇಲ್ಲದ್ದರಿಂದ ಪಂಚರ್ ಎಂಬ ಮಾತಿಲ್ಲ. ಸವಾರ ಸಂಜೆ ಬಿಡಾರಕ್ಕೆ ಬಂದರೆ ಟೈರು ನೋಡಿಕೊಳ್ಳಲು ಸಾಮಾನ್ಯವಾಗಿ ಮೆಕ್ಯಾನಿಕ್ ಕಾದಿರುತ್ತಾನೆ. ಅದೇ ಮೂಸನ್ನು ಹೆದ್ದಾರಿಯಲ್ಲಿ ವೇಗವಾಗಿ ಗಂಟೆಗಟ್ಟಲೆ ಓಡಿಸಿದರೆ ಒಳಗೊಳಗೇ ಕಾದು ಹಾಳಾಗುತ್ತದೆ. ನಮ್ಮ ಸವಾರಿ ಇದಕ್ಕೆ ತದ್ವಿರುದ್ಧ. ಬೆಂಗಳೂರಿನಿಂದ ಸಕಲೇಶಪುರಕ್ಕೆ 220 ಕಿಲೊಮೀಟರ್ ಹತ್ತಿರ ಡಾಂಬರು, ಅಲ್ಲಿಂದ ಒಂದಷ್ಟು ಎಸ್ಟೇಟ್ ರಸ್ತೆ, ಕಲ್ಲು, ಹಳ್ಳ, ಮತ್ತೆ ಅದೇ 220 ಕಿಲೊಮೀಟರ್ ವಾಪಸು. ನಮ್ಮ ಟೈರು ಸವೆಯುವುದು ಬಹುಪಾಲು ಡಾಂಬರಿನ ಮೇಲೆ. ನಮ್ಮ ಜೀವ ನಿಂತಿರುವುದೂ ಅಲ್ಲೇ.

ಡಾಂಬರಿನಲ್ಲಿ ಬಟನ್ ಟೈರಿನ ಗುಣ ಏನು? ನೆಲ ಮುಟ್ಟುವ ರಬ್ಬರು ಕಡಿಮೆ, ಏಕೆಂದರೆ ಸಂದುಗಳು ನೆಲವನ್ನು ಮುಟ್ಟುವುದಿಲ್ಲ. ಗಾಡಿ ವಾಲಿಸಿದಾಗ ಎತ್ತರದ ಬಟನ್ ಬುಡದಲ್ಲಿ ಬಾಗುತ್ತದೆ, ಸವಾರನಿಗೆ ಚಕ್ರ ತನ್ನಷ್ಟಕ್ಕೆ ತಾನು ಅಲುಗಿದಂತೆನಿಸುತ್ತದೆ. ಮಳೆ ಬಿದ್ದ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ತಿರುವಿನ ನಡುವೆ ಬ್ರೇಕ್ ಹಿಡಿಯಬೇಕಾಗಿ ಬಂದರೆ ಆ ಅಲುಗಾಟದ ಬೆಲೆ ತಿಳಿಯುತ್ತದೆ. ಜತೆಗೆ ಬಿಸಿ ಡಾಂಬರಿನಲ್ಲಿ ನಡುವಿನ ಸಾಲಿನ ಬಟನ್‌ಗಳು ಬೇಗ ಸವೆದು ಅಂಚು ಉರುಟಾಗುತ್ತವೆ. ಮಣ್ಣನ್ನು ಕಚ್ಚುವುದು ಆ ಅಂಚು. ಅಂಚು ಹೋದಮೇಲೆ ಬಟನ್ ನೋಡಲು ಎತ್ತರವಾಗಿದ್ದರೂ ಅರ್ಧ ಕೆಲಸಕ್ಕೆ ಬರುವುದಿಲ್ಲ. ಮಣ್ಣಿಗಾಗಿ ಕೊಂಡದ್ದನ್ನು ಮಣ್ಣು ತಲುಪುವ ಮೊದಲೇ ಡಾಂಬರಿಗೆ ತೇಯ್ದು ಮುಗಿಸುತ್ತೇವೆ.

ಸರಿ, ಮಣ್ಣು ತಲುಪಿದೆವು ಎಂದಿಟ್ಟುಕೊಳ್ಳೋಣ. ಯಾವ ಮಣ್ಣು? ಟೈರು ಮಾಡುವವರು ಮೆದು ನೆಲಕ್ಕೆ, ನಡುವಣ ನೆಲಕ್ಕೆ, ಗಟ್ಟಿ ನೆಲಕ್ಕೆ ಎಂದು ಬೇರೆ ಬೇರೆ ಟೈರು ಮಾಡುತ್ತಾರೆ. ಮೆದು ನೆಲದ ಟೈರಿನಲ್ಲಿ ಬಟನ್ ಎತ್ತರ, ದೂರದೂರ, ರಬ್ಬರು ಸಾಮಾನ್ಯವಾಗಿ ಗಟ್ಟಿ. ಗಟ್ಟಿ ನೆಲದ್ದರಲ್ಲಿ ಬಟನ್ ಗಿಡ್ಡ, ಒತ್ತೊತ್ತು, ರಬ್ಬರು ಮೆತ್ತನೆ. ನಮ್ಮ ನೆಲ ಎಂಥದ್ದು ನೋಡಿ. ಮಲೆನಾಡಿನ ದಾರಿಯೆಂದರೆ ಜಂಬಿಟ್ಟಿಗೆಯ ಗಟ್ಟಿ ತಳ, ಅದರ ಮೇಲೆ ಜಾರುವ ಪಾಚಿ, ಬೇರು, ಬಿಡಿಗಲ್ಲು. ರಾಮನಗರ, ಕೋಲಾರದ ಕಡೆ ಕೆಮ್ಮಣ್ಣು, ಬಂಡೆ, ಗರಸು. ಇವೆಲ್ಲ ಬಹುಮಟ್ಟಿಗೆ ಗಟ್ಟಿ ನೆಲ. ಎತ್ತರದ ಬಟನ್‌ಗೆ ಬಂಡೆಯೊಳಕ್ಕೆ ಇಳಿಯಲು ಜಾಗವಿಲ್ಲ. ಅದು ಬಂಡೆಯ ಮೇಲೆ ತುದಿಗಾಲಲ್ಲಿ ನಿಲ್ಲುತ್ತದೆ, ಒದ್ದೆಯಾದರೆ ಜಾರುತ್ತದೆ. ಟ್ರಯಲ್ಸ್ ಎಂಬ ಕ್ರೀಡೆಯಲ್ಲಿ ಒದ್ದೆ ಬಂಡೆ, ಬೇರು, ಮರದ ದಿಮ್ಮಿಗಳ ಮೇಲೆ ಬೈಕ್ ಹತ್ತಿಸುವವರನ್ನು ನೋಡಿದ್ದೀರಾ? ಅವರ ಟೈರಿನ ಬಟನ್ ಗಿಡ್ಡ, ಒತ್ತೊತ್ತು, ರಬ್ಬರು ಬಹಳ ಮೆದು, ಒಳಗಿನ ಗಾಳಿ 5 ಪಿಎಸ್‌ಐ ಆಸುಪಾಸು. ನಮ್ಮ ಮಲೆನಾಡಿನಂಥ ನೆಲದ ಮೇಲೆ ಅತಿ ಕಷ್ಟದ ಕೆಲಸ ಮಾಡುವ ಸವಾರರು ದೊಡ್ಡ ಬಟನ್ ಹುಡುಕಿ ಹೋಗಿಲ್ಲ.

ಉಳಿದದ್ದು ಉತ್ತರದ ಎರೆಮಣ್ಣು. ಧಾರವಾಡ, ಗದಗ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಬಟನ್ ಟೈರೂ ಹತ್ತು ಹೆಜ್ಜೆಗೆ ಮಣ್ಣು ಕಟ್ಟಿಕೊಂಡು ಬಟನ್ನೇ ಕಾಣದಂತಾಗುತ್ತದೆ. ಮಡ್‌ಗಾರ್ಡ್ ತಗ್ಗಿನಲ್ಲಿದ್ದರೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಅಲ್ಲಿನ ರೈತರು ಎರೆ ಆರುವವರೆಗೂ ಗಾಡಿ ಇಳಿಸುವುದಿಲ್ಲ. ಆ ತಾಳ್ಮೆಯನ್ನು ಅಂಗಡಿಯಿಂದ ಕೊಂಡು ತರಲಾಗದು.

ಇನ್ನೊಂದು ಸಂಗತಿ ನಮ್ಮಲ್ಲಿ ಚರ್ಚೆಗೆ ಬಂದದ್ದೇ ಕಡಿಮೆ. ಮೋಟರ್‌ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಂ, ಎಂಡ್ಯೂರೊ ಸ್ಪರ್ಧೆಗಳಲ್ಲಿ ಹಿಂದಿನ ಟೈರಿನ ಬಟನ್ ಎತ್ತರಕ್ಕೆ 13 ಮಿಲಿಮೀಟರ್ ಮಿತಿ ಹಾಕಿದೆ. ಕಾಡು, ಹುಲ್ಲುಗಾವಲು, ಹಳ್ಳಿದಾರಿಗಳಲ್ಲಿ ನಡೆಯುವ ಸ್ಪರ್ಧೆ ಅದು. ನೆಲ ಕಿತ್ತುಹೋಗದಿರಲಿ ಎಂಬುದೇ ಮಿತಿಯ ಉದ್ದೇಶ. ಜಗತ್ತಿನ ಅತ್ಯುತ್ತಮ ಎಂಡ್ಯೂರೊ ಸವಾರರು ಆ 13 ಮಿಲಿಮೀಟರಿನೊಳಗೆ ಓಡಿಸಿ ಗೆಲ್ಲುತ್ತಿದ್ದಾರೆ. ನಮ್ಮ ಶೋಲಾ ಕಾಡಿನ ಅಂಚಿನ ಹುಲ್ಲುಗಾವಲಿನಲ್ಲಿ ಮೇಲುಮಣ್ಣಿನ ಪದರ ತೆಳು. ದಪ್ಪ ಬಟನ್ನಿನ ಚಕ್ರ ಒಮ್ಮೆ ನಿಂತಲ್ಲೇ ಸುತ್ತಿದರೆ ಹುಲ್ಲಿನ ಬೇರು ಕಿತ್ತು ಸಾಲು ಬೀಳುತ್ತದೆ. ಮುಂಗಾರಿನ ನೀರು ಆ ಸಾಲನ್ನೇ ದಾರಿ ಮಾಡಿಕೊಂಡು ಕೊರಕಲು ಮಾಡುತ್ತದೆ. ಅನುಮತಿಯಿಲ್ಲದೆ ಕಾಡಿಗೆ ಗಾಡಿ ನುಗ್ಗಿಸುವುದು ಅಪರಾಧ, ಅದರಲ್ಲಿ ಚರ್ಚೆಯಿಲ್ಲ. ಅನುಮತಿ ಇರುವ ಕಡೆಯೂ, ಖಾಸಗಿ ತೋಟದಲ್ಲೂ ಇದೇ ನಡೆಯುತ್ತಿದೆ. ನಾವು ಬಗೆದು ಬಂದ ಎಸ್ಟೇಟ್ ರಸ್ತೆಯಲ್ಲಿ ಸೋಮವಾರ ಬೆಳಿಗ್ಗೆ ಕೆಲಸಗಾರರು ನಡೆದು ಹೋಗಬೇಕು, ಜೀಪು ಹತ್ತಬೇಕು.

ಅದೇ ರಸ್ತೆಯಲ್ಲಿ ದಿನಾ ಓಡಾಡುವವರ ಗಾಡಿ ಗಮನಿಸಿ. ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸ್‌ಎಲ್, ತೋಟದ ರೈಟರ ಹಳೆಯ ಸ್ಪ್ಲೆಂಡರ್. ಟೈರು ಮಾಮೂಲು ರಸ್ತೆ ಟೈರು, ಎಷ್ಟೋ ಸಲ ಅದೂ ಸವೆದದ್ದು. ಎಲ್ಲಿ ಕಲ್ಲಿನ ಎಡಕ್ಕೆ ಹೋಗಬೇಕು, ಎಲ್ಲಿ ಕಾಲು ಕೊಟ್ಟು ನಿಧಾನ ಇಳಿಸಬೇಕು, ಯಾವ ತಿರುವಿನಲ್ಲಿ ಬ್ರೇಕ್ ಮುಟ್ಟಬಾರದು ಎಂದು ಅವರಿಗೆ ಗೊತ್ತು. ಸವೆದ ಟೈರನ್ನು ಸಮರ್ಥಿಸಲು ಇದನ್ನು ಹೇಳುತ್ತಿಲ್ಲ, ಅದು ಅಪಾಯವೇ. ಹಿಡಿತ ಎಂಬುದು ಎಷ್ಟರಮಟ್ಟಿಗೆ ಸವಾರನ ಕಣ್ಣು ಮತ್ತು ಕೈಯಲ್ಲಿದೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಈಗ ಗಾಳಿಯ ಮಾತು. ಇದು ನನ್ನ ವಾದದ ತಿರುಳು, ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಟೈರು ನೆಲ ಮುಟ್ಟುವ ಜಾಗದ ಅಳತೆ ಸ್ಥೂಲವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಚಕ್ರದ ಮೇಲಿನ ಭಾರ, ಒಳಗಿನ ಗಾಳಿಯ ಒತ್ತಡ. ಗಾಡಿ 160 ಕಿಲೊ, ಸವಾರ 70 ಕಿಲೊ, ಅದರಲ್ಲಿ ಹಿಂದಿನ ಚಕ್ರಕ್ಕೆ 125 ಕಿಲೊ ಬೀಳುತ್ತದೆ ಎಂದುಕೊಳ್ಳಿ. 30 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೊ ಒತ್ತಡ. ಆಗ ನೆಲ ಮುಟ್ಟುವ ಜಾಗ 60 ಚದರ ಸೆಂಟಿಮೀಟರ್ ಹತ್ತಿರ. ಅದನ್ನೇ 18 ಪಿಎಸ್‌ಐಗೆ ಇಳಿಸಿದರೆ 100ರ ಹತ್ತಿರ ಹೋಗುತ್ತದೆ. ಟೈರಿನ ಪಕ್ಕೆಯ ಬಿಗುವೂ ಭಾರ ಹೊರುವುದರಿಂದ ನಿಜದಲ್ಲಿ ಅಷ್ಟು ಪೂರ್ತಿ ಸಿಗದು. ಆದರೂ ಒಂದೂವರೆ ಪಟ್ಟಿನ ಆಸುಪಾಸು ಹೆಚ್ಚಳಕ್ಕೆ ಖರ್ಚಾದದ್ದು ವಾಲ್ವನ್ನು ಒತ್ತಿ ಹಿಡಿದ ಒಂದೆರಡು ನಿಮಿಷ. ಜಾಗ ಹೆಚ್ಚುವುದಷ್ಟೇ ಅಲ್ಲ, ಟೈರು ಮೆತ್ತಗಾಗಿ ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಗಾಳಿ ತುಂಬಿದ ಟೈರು ಕಲ್ಲಿಗೆ ಬಡಿದು ಪುಟಿಯುತ್ತದೆ, ಪುಟಿದಷ್ಟು ಹೊತ್ತು ಹಿಡಿತ ಸೊನ್ನೆ. ರಸ್ತೆಯ ಒತ್ತಡದಲ್ಲೇ ಎಸ್ಟೇಟ್ ದಾರಿಗೆ ಇಳಿದು, ಜಾರಿ ಬಿದ್ದು, ಟೈರನ್ನು ಬೈದು ಹೊಸದು ಕೊಂಡವರು ಬಹಳ ಮಂದಿ. ಹೊಸ ಬಟನ್ ಟೈರನ್ನೂ ಅದೇ 30 ಪಿಎಸ್‌ಐನಲ್ಲಿ ಓಡಿಸುತ್ತಾರೆ.

ಇಳಿಸುವುದಕ್ಕೂ ಮಿತಿಯಿದೆ. ಹಗುರ ಮೋಟೊಕ್ರಾಸ್ ಬೈಕುಗಳಲ್ಲಿ 12ರಿಂದ 15 ಪಿಎಸ್‌ಐ ಮಾಮೂಲು. ಅವುಗಳ ರಿಮ್ಮಿನಲ್ಲಿ ರಿಮ್ ಲಾಕ್ ಎಂಬ ಹಿಡಿ ಇದ್ದು, ಟೈರಿನ ಅಂಚನ್ನು ರಿಮ್ಮಿಗೆ ಅದುಮಿ ಹಿಡಿದಿರುತ್ತದೆ. ಅದಿಲ್ಲದ ಗಾಡಿಯಲ್ಲಿ ಗಾಳಿ ತೀರ ಕಡಿಮೆಯಾದರೆ ಆಕ್ಸಿಲರೇಟರ್ ತಿರುವಿದಾಗ ರಿಮ್ಮು ಮುಂದೆ ಹೋಗಿ ಟೈರು ಹಿಂದೆ ಉಳಿಯುತ್ತದೆ. ಟೈರಿನ ಜತೆ ಟ್ಯೂಬೂ ಸರಿದು ವಾಲ್ವಿನ ಬುಡ ಹರಿಯುತ್ತದೆ. ಇನ್ನೊಂದು ಅಪಾಯ, ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುವುದು. ಹಾಗಾಗಿ ಟ್ಯೂಬಿರುವ, ರಿಮ್ ಲಾಕಿಲ್ಲದ ಗಾಡಿಯನ್ನು ಕಲ್ಲಿನ ದಾರಿಯಲ್ಲಿ 18ಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಭಾರವಾದ ಗಾಡಿಗೆ, ಲಗೇಜು ಹೊತ್ತ ಗಾಡಿಗೆ 22ರ ಸುತ್ತಮುತ್ತ ಸಾಕು. ಡಾಂಬರಿಗೆ ಹತ್ತುವ ಮೊದಲು ಕೈಪಿಡಿಯಲ್ಲಿ ಬರೆದಷ್ಟು ಮತ್ತೆ ತುಂಬಲೇಬೇಕು. ಇಳಿದ ಗಾಳಿಯಲ್ಲಿ ಹೆದ್ದಾರಿ ಓಡಿಸಿದರೆ ಟೈರಿನ ಪಕ್ಕೆ ಬಾಗಿ ಬಾಗಿ ಕಾಯುತ್ತದೆ, ಒಳಗಿನ ನೂಲು ಬಿಡುತ್ತದೆ. ಟೈರು ತಣ್ಣಗಿರುವಾಗಲೇ ಗೇಜು ಹಿಡಿಯಿರಿ. ಗೇಜು ನಿಮ್ಮದೇ ಇರಲಿ, ಪಂಪು ನಿಮ್ಮ ಚೀಲದಲ್ಲೇ ಇರಲಿ. ತುಂಬಲು ಪಂಪು ಇಲ್ಲದವರು ಇಳಿಸುವ ಧೈರ್ಯವನ್ನೇ ಮಾಡುವುದಿಲ್ಲ, ಅಲ್ಲಿಗೆ ಇಷ್ಟೆಲ್ಲ ಲೆಕ್ಕ ವ್ಯರ್ಥ.

ಎರಡನೆಯ ಮಾತು, ಟೈರು ಬಿಚ್ಚುವುದು. ಪಂಚರ್ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಅಪಾರ ಮೆಚ್ಚುಗೆ. ಕಲಿಯುವುದಾದರೆ ಅವರ ಹತ್ತಿರವೇ ಕೂತು ನೋಡಿ ಕಲಿಯಬೇಕು. ಆದರೆ ಅವರ ಅಂಗಡಿ ಇರುವುದು ರಸ್ತೆ ಬದಿಯಲ್ಲಿ. ಪಂಚರ್ ಆಗುವುದು ಅಂಗಡಿಯಿಂದ ಮೈಲಿಗಟ್ಟಲೆ ದೂರದ ಇಳಿಜಾರಿನಲ್ಲಿ, ಮೊಬೈಲ್ ಸಿಗ್ನಲ್ ಸಿಗದ ಕಡೆ. ಮಣ್ಣಿನ ದಾರಿಗೆ ಹೋಗುವವರು ಮನೆಯ ಅಂಗಳದಲ್ಲಿ, ಅವಸರವಿಲ್ಲದ ಒಂದು ಭಾನುವಾರ, ಎರಡೂ ಟೈರು ಬಿಚ್ಚಿ ಹಾಕಿರಲೇಬೇಕು ಎಂದು ಪಟ್ಟು ಹಿಡಿದು ಹೇಳುತ್ತೇನೆ.

ಕೆಲಸ ಬಲದ್ದಲ್ಲ, ಗುಟ್ಟೊಂದನ್ನು ತಿಳಿದರೆ ಸಾಕು. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇರುವುದರಿಂದ ಅದು ಹಿಗ್ಗುವುದಿಲ್ಲ. ಒಂದು ಕಡೆಯ ಅಂಚನ್ನು ಆ ತಗ್ಗಿಗೆ ಇಳಿಸಿದರೆ ಎದುರು ಕಡೆ ಸಡಿಲ ಸಿಗುತ್ತದೆ. ಬೆವರು ಸುರಿಸಿ ಲಿವರ್ ಬಗ್ಗಿಸುವವರೆಲ್ಲ ಮರೆಯುವುದು ಇದನ್ನೇ. ವಾಲ್ವಿನ ಒಳಮೊಳೆ ತೆಗೆದು ಗಾಳಿ ಪೂರ್ತಿ ಬಿಡಿ. ಡಿಸ್ಕ್ ಬಾಗದಂತೆ ಚಕ್ರವನ್ನು ಹಳೆಯ ಟೈರೊಂದರ ಮೇಲೆ ಮಲಗಿಸಿ. ಹಿಮ್ಮಡಿಯಿಂದ ತುಳಿದು ಎರಡೂ ಬದಿಯ ಅಂಚನ್ನು ರಿಮ್ಮಿನಿಂದ ಬಿಡಿಸಿ, ಸಾಬೂನು ನೀರು ಸವರಿ. ಗ್ರೀಸು, ಎಣ್ಣೆ, ಪೆಟ್ರೋಲು ಬೇಡ, ರಬ್ಬರಿಗೆ ಒಳ್ಳೆಯದಲ್ಲ. ವಾಲ್ವಿನ ಹತ್ತಿರ ಲಿವರ್ ಹಾಕಿ, ಎದುರು ಬದಿಯನ್ನು ಮೊಣಕಾಲಿನಿಂದ ತಗ್ಗಿಗೆ ಒತ್ತಿ ಹಿಡಿದು, ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಹೋಗಿ. ಲಿವರನ್ನು ಆಳಕ್ಕೆ ತೂರಿಸಿದರೆ ಟ್ಯೂಬಿಗೆ ಚುಚ್ಚುತ್ತದೆ.

ಟ್ಯೂಬು ತೆಗೆದ ಕೂಡಲೇ ಪ್ಯಾಚ್ ಹಾಕಲು ಧಾವಿಸಬೇಡಿ. ಮೊದಲು ಟೈರಿನ ಒಳಮೈಯನ್ನು ಹುಷಾರಾಗಿ ಬೆರಳಾಡಿಸಿ ನೋಡಿ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ತುದಿ ಮುರಿದು ಅಲ್ಲೇ ಕೂತಿರುತ್ತದೆ, ಪ್ಯಾಚ್ ಹಾಕಿದ ಟ್ಯೂಬನ್ನು ಇನ್ನೊಮ್ಮೆ ಚುಚ್ಚಲು. ವಾಪಸು ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹೊಡೆಯಿರಿ, ಮಡಿಕೆ ಬೀಳುವುದಿಲ್ಲ. ವಾಲ್ವಿನ ಎದುರಿನಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಇನ್ನೊಂದು ಸಣ್ಣ ಸಂಗತಿ ಬಹಳ ಟ್ಯೂಬುಗಳನ್ನು ಉಳಿಸುತ್ತದೆ: ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಿನ ಮುಚ್ಚಳದ ಕಡೆಗೆ ತಿರುಗಿಸಿಡಿ. ಟೈರು ಸರಿದರೆ ವಾಲ್ವು ಓರೆಯಾಗಿ ನಿಮಗೆ ಕಾಣುತ್ತದೆ, ಹರಿಯುವ ಮೊದಲೇ ಸರಿಪಡಿಸಬಹುದು. ಬಿಡಿ ಟ್ಯೂಬು ಒಂದೇ ಒಯ್ಯುವುದಾದರೆ ಮುಂದಿನ 21 ಇಂಚಿನದು ಒಯ್ಯಿರಿ. ಕಷ್ಟಕಾಲಕ್ಕೆ ಅದು ಹಿಂದಿನ 18 ಇಂಚಿನ ಚಕ್ರದಲ್ಲೂ ಊರು ಮುಟ್ಟಿಸುತ್ತದೆ.

ಹಾಗಾದರೆ ಟ್ಯೂಬ್‌ಲೆಸ್ ಮಾಡಿಸಿದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಹಿಮಾಲಯನ್ 450ಕ್ಕೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವೂ ಸಿಗುತ್ತದೆ. ಜಾಲಿಮುಳ್ಳಿನ ಸೀಮೆಯಲ್ಲಿ ಅದು ನಿಜಕ್ಕೂ ವರ, ಚಕ್ರ ಬಿಚ್ಚದೆ ತೂತಿಗೆ ಬತ್ತಿ ತುರುಕಿ ಹೊರಡಬಹುದು. ಆದರೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ನೆಗ್ಗಿದರೆ ಗಾಳಿ ಅಲ್ಲಿಂದಲೇ ಸೋರುತ್ತದೆ, ಆಗ ಒಳಗೆ ಟ್ಯೂಬು ಹಾಕುವುದೊಂದೇ ದಾರಿ. ಟೈರು ಬಿಚ್ಚಲು ಬಾರದವರ ಚೀಲದಲ್ಲಿ ಟ್ಯೂಬು ಇದ್ದೇನು ಪ್ರಯೋಜನ?

ಆರಿಸುವ ಮಾತು ಕೊನೆಗೆ ಬಂತು, ಅದರ ಸ್ಥಾನ ಅದೇ. ಕಂಪನಿಯ ಟೈರು ಸವೆದಮೇಲೆ, ಡಾಂಬರು ಮಣ್ಣು ಎರಡಕ್ಕೂ ಹೊಂದುವ, ಒತ್ತೊತ್ತು ಬಟನ್ನಿನ ಟೈರು ತೆಗೆದುಕೊಳ್ಳಿ. ನಮ್ಮ ದೇಶದ ಕಂಪನಿಗಳೇ ಇಂಥದ್ದನ್ನು ಚೆನ್ನಾಗಿ ಮಾಡುತ್ತಿವೆ. ಅಳತೆ ಬದಲಿಸಬೇಡಿ. ಎಕ್ಸ್‌ಪಲ್ಸ್‌ನ ಹಿಂದಿನ ಟೈರಿನ ಮೇಲೆ 120/80-18 ಎಂದಿದ್ದರೆ ಅಗಲ 120 ಮಿಲಿಮೀಟರ್, ಎತ್ತರ ಅಗಲದ ಶೇ. 80, ರಿಮ್ಮು 18 ಇಂಚು. ಕಿರಿದಾದ ರಿಮ್ಮಿಗೆ ಅಗಲ ಟೈರು ತೊಡಿಸಿದರೆ ಅದು ಉಬ್ಬಿ ಗುಂಡಾಗುತ್ತದೆ, ನೆಲ ಮುಟ್ಟುವ ರೀತಿ ಕೆಡುತ್ತದೆ, ಚೈನಿಗೂ ಉಜ್ಜಬಹುದು. ಪಕ್ಕೆಯ ಮೇಲಿನ ನಾಲ್ಕಂಕಿ ಓದಿ. 2324 ಎಂದಿದ್ದರೆ 2024ರ 23ನೆಯ ವಾರದ ತಯಾರಿಕೆ. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ರಬ್ಬರು ರಿಯಾಯಿತಿಗೆ ಸಿಕ್ಕರೂ ಬೇಡ, ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ದ್ವಿಚಕ್ರ ವಾಹನದ ಟೈರಿನ ಸಂದುಗಳಲ್ಲಿ 0.8 ಮಿಲಿಮೀಟರ್ ಆಳ ಉಳಿದಿದ್ದರೂ ಕಾನೂನು ಒಪ್ಪುತ್ತದೆ. ಮಣ್ಣು ಅಷ್ಟು ಉದಾರಿಯಲ್ಲ. ಬಟನ್ನಿನ ಅಂಚು ಉರುಟಾಗಿದೆಯೇ, ಬುಡದಲ್ಲಿ ಬಿರುಕು ಬಿಟ್ಟಿದೆಯೇ ಎಂದು ಪ್ರತಿ ಸವಾರಿಯ ಬಳಿಕ ತೊಳೆದು ನೋಡಿ.

ಬಟನ್ ಟೈರು ಯಾರಿಗೆ ಬೇಕು? ಬೇಲಿ ಹಾಕಿದ ಅಂಕಣದಲ್ಲಿ ಅಭ್ಯಾಸ ಮಾಡುವವರಿಗೆ, ಸ್ಪರ್ಧೆಗೆ ಇಳಿಯುವವರಿಗೆ, ಬೈಕನ್ನು ಟ್ರಾಲಿಯಲ್ಲಿ ಮಣ್ಣಿನವರೆಗೂ ಒಯ್ಯುವವರಿಗೆ, ಮಳೆಗಾಲದಲ್ಲೂ ದಿನಾ ಕೆಸರಿನಲ್ಲೇ ಓಡಾಡುವ ತೋಟದವರಿಗೆ. ಅವರು ಧಾರಾಳವಾಗಿ ಹಾಕಿಸಿಕೊಳ್ಳಲಿ. ವಾರಾಂತ್ಯಕ್ಕೆ ಘಟ್ಟ ಹತ್ತುವ ನಮ್ಮನಿಮ್ಮಂಥವರಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಟೈರಿಗೆ ಎತ್ತಿಟ್ಟ ಹಣದಲ್ಲಿ ಮೊದಲು ಒಂದು ಗೇಜು, ಒಂದು ಪಂಪು, ಎರಡು ಒಳ್ಳೆಯ ಲಿವರ್, ಒಂದು ಬಿಡಿ ಟ್ಯೂಬು ಕೊಳ್ಳಿ. ಒಂದು ಮಳೆಗಾಲ ಅದೇ ಹಳೆಯ ಟೈರಿನಲ್ಲಿ, ಗಾಳಿ ಇಳಿಸಿ ಏರಿಸಿ ಓಡಿಸಿ. ಆಮೇಲೂ ಬಟನ್ ಬೇಕೆನಿಸಿದರೆ ಖಂಡಿತ ತನ್ನಿ, ಅದನ್ನು ನಿಮ್ಮ ಕೈಯಿಂದಲೇ ಹಾಕಿ.